ಎರಡು ಬೆಂಚಿನ ಹಲ್ಲಿನ ದವಾಖಾನೆ

ಹಲಬರ್ಗಾದ ಶಾಲೆಯಿಂದ ಬಂದ ಚೀಟಿಗಳ ಕಟ್ಟು ಬಿಚ್ಚಿದಾಗ ನನಗೆ ಮೊದಲು ಖುಷಿಯಾಯಿತು. ಒಂದೂ ಚೀಟಿ ಕಳೆದಿರಲಿಲ್ಲ. ಪ್ರತಿಯೊಂದರ ಕೆಳಗೂ ತಂದೆಯದೋ ತಾಯಿಯದೋ ಸಹಿ ಇತ್ತು. ಸಹಿ ಬಾರದವರು ನೀಲಿ ಶಾಯಿಯಲ್ಲಿ ಹೆಬ್ಬೆಟ್ಟು ಒತ್ತಿದ್ದರು. ಆಮೇಲೆ ಚೀಟಿಯಲ್ಲಿ ನಾನು ಬರೆದದ್ದನ್ನು ಓದಿಕೊಂಡೆ. ‘ನಿಮ್ಮ ಮಗುವಿನ ಹಲ್ಲು ಹುಳುಕಾಗಿದೆ. ಬೀದರಿನ ದವಾಖಾನೆಗೆ ಕರೆದುಕೊಂಡು ಬನ್ನಿ.’ ಸಹಿಯನ್ನು ನಾನು ಕೇಳಿಯೇ ಇರಲಿಲ್ಲ.

ನಾನು ಬೀದರ್ ನಗರದ ಒಂದು ಧರ್ಮಾರ್ಥ ದವಾಖಾನೆಯಲ್ಲಿ ದಂತವೈದ್ಯೆ. ಆ ವರ್ಷ ಜನವರಿಯಿಂದ ಭಾಲ್ಕಿ ಮತ್ತು ಔರಾದ್ ತಾಲೂಕುಗಳ ಕೆಲವು ಶಾಲೆಗಳಿಗೆ ಹೋಗಿ ಮಕ್ಕಳ ಹಲ್ಲು ನೋಡುವ, ಹಲ್ಲು ಕಾಪಾಡಿಕೊಳ್ಳುವುದು ಹೇಗೆಂದು ಕಲಿಸುವ ಕೆಲಸ ನನಗೆ ಬಂದಿತ್ತು. ಹಲಬರ್ಗಾ ಮೊದಲನೆಯ ಊರು. ಅಲ್ಲಿ ಎಲ್ಲ ಮಕ್ಕಳ ಬಾಯಿ ನೋಡಿ, ಹುಳುಕು ಕಂಡವರಿಗೆಲ್ಲ ಚೀಟಿ ಬರೆದುಕೊಟ್ಟು, ಹೆಮ್ಮೆಯಿಂದ ವಾಪಸ್ ಬಂದಿದ್ದೆ. ಮೂರು ವಾರ ಕಾದರೂ ಒಂದೇ ಒಂದು ಮಗು ಮಾತ್ರ ದವಾಖಾನೆಯ ಮೆಟ್ಟಿಲು ಹತ್ತಿತು.

ಹಲಬರ್ಗಾದ ಹೆಡ್ ಮೇಡಂಗೆ ಫೋನ್ ಮಾಡಿದೆ.

"ಎಲ್ಲಾರೂ ದಸ್ತಖತ್ ಮಾಡ್ಯಾರ್ರಿ ಮೇಡಂ, ಒಬ್ರೂ ಬಿಟ್ಟಿಲ್ಲ" ಅಂದರು ಅವರು, ನನಗಿಂತ ಸಂಭ್ರಮದಿಂದ.

"ದಸ್ತಖತ್ ಯಾಕ್ರಿ? ಕರ್ಕೊಂಡು ಬರ್ರಿ ಅಂತ ಬರದಿದ್ನಲ್ಲ?"

"ಸಾಲಿಯಿಂದ ಯಾವ ಕಾಗದ ಹೋದ್ರೂ ಅವ್ರು ದಸ್ತಖತ್ ಮಾಡೇ ಕಳಸ್ತಾರ್ರಿ. ಇದೂ ಪ್ರೋಗ್ರೆಸ್ ಕಾರ್ಡಿನಂಗ ಅಂತ ತಿಳ್ಕೊಂಡಾರ." ಅವರೇ ಮುಂದುವರಿಸಿದರು. "ಮತ್ತ ಖರೇ ಹೇಳ್ಲಿ ಏನ್ರಿ? ಈಗ ಕಡ್ಲಿ ರಾಶಿ ನಡದಾವ. ಮಗಾ ಉಣ್ಲತ್ತದ, ಆಡ್ಲತ್ತದ. ಒಂದು ಕರಿ ಹಲ್ಲಿನ ಸಂಬಂಧ ಕೆಲಸ ಬಿಟ್ಟು ಬೀದರ್ ತನಕ ಯಾರ್ ಬರ್ತಾರ್ರಿ?"

ಅವರು ಬರದಿದ್ದರೆ ನಾವೇ ಹೋಗಬೇಕು. ದವಾಖಾನೆಯಲ್ಲಿ ಒಂದು ದೊಡ್ಡ ವ್ಯಾನಿತ್ತು. ಒಳಗೆ ಹಲ್ಲಿನ ಕುರ್ಚಿ, ಹಲ್ಲು ಕೊರೆಯುವ ಯಂತ್ರ, ಅದಕ್ಕೆ ಗಾಳಿ ಒದಗಿಸುವ ಕಂಪ್ರೆಸರ್, ಹಿಂದೆ ಜನರೇಟರ್. ಅದನ್ನು ಕೇಳಿ ಪಡೆದುಕೊಂಡೆ. ನನ್ನ ಜೊತೆ ಇಬ್ಬರು. ಒಬ್ಬರು ಭಾಲ್ಕಿಯವರೇ ಆದ ಸಹಾಯಕಿ; ಅವರನ್ನು ಎಲ್ಲರೂ ಸಿಸ್ಟರ್ ಅನ್ನುತ್ತಿದ್ದೆವು. ಇನ್ನೊಬ್ಬರು ನಿವೃತ್ತಿಗೆ ಹತ್ತಿರವಾಗಿದ್ದ ಡ್ರೈವರ್. ಅವರು ನಮಗೆಲ್ಲ ಚಾಚಾ.

ಫೆಬ್ರುವರಿಯ ಒಂದು ಮುಂಜಾನೆ ಮೆಹಕರಕ್ಕೆ ಹೋದೆವು. ಅಲ್ಲಿನ ಶಿಕ್ಷಕರು ಮನೆಮನೆಗೆ ಹೋಗಿ ಹೇಳಿದ್ದರಿಂದ ತಾಯಂದಿರು ಹೊಲದ ಕೆಲಸ ಬಿಟ್ಟು ಬಂದು ಅಂಗಳದಲ್ಲಿ ಕೂತಿದ್ದರು. ಚಾಚಾ ಜನರೇಟರಿನ ಹಗ್ಗ ಎಳೆದರು. ಅದು ಗುಡುಗಿತು, ಕಂಪ್ರೆಸರ್ ಅದಕ್ಕಿಂತ ಜೋರಾಗಿ ಗುಡುಗಿತು. ನಾನು ಯಂತ್ರ ಪರೀಕ್ಷಿಸಲು ಒಂದು ಸಲ ಚಾಲೂ ಮಾಡಿದೆ ಅಷ್ಟೆ. ಆ ಕೀರಲು ದನಿಗೆ ಮಕ್ಕಳ ಸಾಲಿನ ಹಿಂದಿನ ಅರ್ಧ ಮಾಯವಾಯಿತು. ಒಬ್ಬ ಹುಡುಗ ಬೇವಿನ ಮರ ಏರಿ ಕೂತ. ಉಳಿದವರನ್ನು ಸಿಸ್ಟರ್ ಮಾತಾಡಿಸಿ ಸಮಾಧಾನ ಮಾಡುತ್ತಿರುವಾಗಲೇ ಜನರೇಟರ್ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು.

ಚಾಚಾ ಮುಚ್ಚಳ ತೆಗೆದು, ಒಳಗೆ ಕೈ ಹಾಕಿ, ಕೈ ಒರೆಸಿಕೊಂಡರು. "ಮೇಡಮ್ಮಾ, ಇದು ಇವತ್ತು ಏಳೂದಿಲ್ಲ."

ಶಾಲೆಯ ಕರೆಂಟಿಗೆ ಜೋಡಿಸಿ ನೋಡಿದೆವು. ಕಂಪ್ರೆಸರ್ ಒಂದು ಸಲ ಗುಂಯ್ ಅಂದು ಇಡೀ ಶಾಲೆಯ ಫ್ಯೂಜ್ ಸುಟ್ಟಿತು. ಐದನೇ ಇಯತ್ತೆಯ ತರಗತಿಯಲ್ಲಿದ್ದ ಫ್ಯಾನ್ ಕೂಡ ನಿಂತಿತು.

ಅಂಗಳದಲ್ಲಿ ಒಬ್ಬ ತಾಯಿ ಎದ್ದು ಸೀರೆ ಕೊಡವಿಕೊಂಡಳು. "ನಾಳಿ ಬರ್ತೇವಿ ಅಂತ ನೀವು ಹೇಳಬ್ಯಾಡ್ರಿ. ನಾ ಮತ್ತ ಬರೂದಿಲ್ಲ." ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದದ್ದನ್ನು ಹೇಳಿದ್ದಳು.

ಯಂತ್ರವಿಲ್ಲದೆ ಬರೀ ಕೈಹತ್ಯಾರಗಳಿಂದ ಹುಳುಕು ತೆಗೆದು ಹಲ್ಲು ತುಂಬುವ ಒಂದು ವಿಧಾನವಿದೆ. ಕರೆಂಟಿಲ್ಲದ ಊರುಗಳಿಗೆಂದೇ ಇರುವ ವಿಧಾನ. ಕಾಲೇಜಿನಲ್ಲಿ ಅದನ್ನು ಓದಿ, ಪರೀಕ್ಷೆಯಲ್ಲಿ ಬರೆದು, ಮರೆತಿದ್ದೆ. ನಿಜ ಹೇಳಬೇಕೆಂದರೆ ಅದು ನನಗೆ ಕಡಿಮೆ ದರ್ಜೆಯ ಕೆಲಸ ಅನ್ನಿಸಿತ್ತು. ಹಳ್ಳಿ ಮಕ್ಕಳಿಗೆ ಇಷ್ಟು ಸಾಕು ಎಂದು ಕೈತೊಳೆದುಕೊಂಡ ಹಾಗೆ. ಪೆಟ್ಟಿಗೆ ತೆರೆದೆ. ಸಣ್ಣ ಚಮಚದ ತುದಿಯ ಹತ್ಯಾರಗಳು, ಕೊಡಲಿಯಾಕಾರದ ಚೂಪು ತುದಿಯವು, ಹತ್ತಿಯ ಸುರುಳಿಗಳು, ಹಲ್ಲು ತುಂಬುವ ಸಿಮೆಂಟಿನ ಪುಡಿ, ದ್ರಾವಣ, ಎಲ್ಲವೂ ಇದ್ದವು. ಇಲ್ಲದ್ದು ನನ್ನ ಧೈರ್ಯ ಒಂದೇ.

ಸಿಸ್ಟರ್ ನನ್ನ ಮುಖ ನೋಡಿದರು. "ಕೈಲೇ ಮಾಡ್ಲಿಕ್ಕಿ ಬರ್ತದಲ್ರಿ ಮೇಡಂ?"

"ಬರ್ತದ" ಅಂದೆ. ಅಂದ ಮೇಲೆ ಮಾಡಲೇಬೇಕಾಯಿತು.

ಕಿಟಕಿಯ ಬಳಿ ಎರಡು ಬೆಂಚು ಜೋಡಿಸಿದೆವು. ಶಿಕ್ಷಕರ ಕೋಣೆಯ ಜಮಖಾನೆ ಮಡಚಿ ಹಾಸಿದೆವು. ಮಗು ಅಂಗಾತ ಮಲಗಬೇಕು, ತಲೆ ನನ್ನ ಕಡೆಗೆ. ನಾನು ಹಿಂದೆ ಕುರ್ಚಿಯಲ್ಲಿ. ಹಣೆಗೆ ಟಾರ್ಚ್ ಕಟ್ಟಿಕೊಂಡೆ. "ಮೊದಲ ಯಾರು?" ಅಂದಾಗ ಐದನೇ ಇಯತ್ತೆಯ ಒಬ್ಬ ಹುಡುಗಿ ತಾನೇ ಬಂದು ಮಲಗಿದಳು. ಕೆಳಗಿನ ಎಡ ದವಡೆ ಹಲ್ಲಿನಲ್ಲಿ ಜೋಳದ ಕಾಳಿನಷ್ಟು ಕುಳಿ. ಹತ್ತಿ ಸುರುಳಿಗಳನ್ನು ಎರಡೂ ಬದಿಗೆ ಇಟ್ಟು ಎಂಜಲು ತಡೆದೆ. ಚೂಪು ತುದಿಯಿಂದ ಕುಳಿಯ ಬಾಯಿ ಸ್ವಲ್ಪ ಅಗಲಿಸಿದೆ. ಚಮಚದಿಂದ ಕೆರೆದಾಗ ಕೊಳೆತ ಭಾಗ ಒದ್ದೆ ಚಕ್ಕೆಗಳಾಗಿ ಎದ್ದು ಬಂತು. ಮೆತ್ತಗಿರುವುದನ್ನೆಲ್ಲ ಅಂಚಿನಿಂದ ತೆಗೆಯಬೇಕು, ತಳದಲ್ಲಿ ನರದ ಹತ್ತಿರ ಹೋಗಬಾರದು. ಯಂತ್ರ ಹಿಡಿದಾಗ ಹಲ್ಲು ಗಟ್ಟಿಯೋ ಮೆತ್ತಗೋ ಎಂದು ಬೆರಳಿಗೆ ಇಷ್ಟು ಸ್ಪಷ್ಟವಾಗಿ ಎಂದೂ ತಿಳಿದಿರಲಿಲ್ಲ. ಹತ್ಯಾರದ ತುದಿ ಗಟ್ಟಿ ಹಲ್ಲಿಗೆ ತಾಗಿ ಕಿರ್ ಅಂದಾಗ ನನ್ನ ಎದೆ ಹಗುರಾಯಿತು.

"ಸಿಮೆಂಟ್" ಅಂದೆ. ಸಿಸ್ಟರ್ ಗಾಜಿನ ಹಲಗೆಯ ಮೇಲೆ ಪುಡಿ, ದ್ರಾವಣ ಕಲಸಿ ಕೊಟ್ಟರು. ಬಾಯಿಗೆ ಒಯ್ಯುವಷ್ಟರಲ್ಲಿ ಅದು ಸುಣ್ಣದ ಗಟ್ಟಿಯಂತಾಗಿತ್ತು. ತಗಡಿನ ಮಾಡಿನ ಕೋಣೆ, ಹೊರಗೆ ಬಿಸಿಲು ಏರುತ್ತಿತ್ತು. ಶಾಖಕ್ಕೆ ಸಿಮೆಂಟ್ ಬೇಗ ಗಟ್ಟಿಯಾಗುತ್ತದೆ. ಇನ್ನೊಮ್ಮೆ ಕಲಸಿದರು. ಅದೂ ಹೋಯಿತು. ಹುಡುಗಿ ಬಾಯಿ ತೆರೆದೇ ಮಲಗಿದ್ದಳು, ಕಣ್ಣು ನನ್ನ ಮೇಲೆ.

ಸಿಸ್ಟರ್ ಗಾಜಿನ ಹಲಗೆ ತೆಗೆದುಕೊಂಡು ವರಾಂಡಕ್ಕೆ ಹೋದರು. ಅಲ್ಲಿ ಮಕ್ಕಳು ನೀರು ಕುಡಿಯುವ ಮಣ್ಣಿನ ಗಡಿಗೆಗಳಿದ್ದವು, ಒದ್ದೆ ಬಟ್ಟೆ ಸುತ್ತಿದಂಥವು. ಹಲಗೆಯನ್ನು ಗಡಿಗೆಯ ಹೊಟ್ಟೆಗೆ ಒತ್ತಿ ಹಿಡಿದು ನಿಂತರು. ತಣ್ಣಗಾದ ಮೇಲೆ ತಂದು, ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ ಮೂರನೆಯ ಸಲ ಕಲಸಿದರು. ಈ ಸಲ ಸಿಮೆಂಟ್ ಹೊಸ ಬೆಣ್ಣೆಯ ಹಾಗೆ ಮಿರಮಿರ ಹೊಳೆಯಿತು. ಕುಳಿಗೆ ತುಂಬಿ, ವ್ಯಾಸಲಿನ್ ಹಚ್ಚಿದ ಬೆರಳಿನಿಂದ ಒತ್ತಿ ಹಿಡಿದೆ. ಹೆಚ್ಚಾದದ್ದನ್ನು ಕೆರೆದೆ. ಕಚ್ಚಿಸಿ ನೋಡಿದೆ.

"ಮುಗೀತು. ಒಂದ್ ತಾಸು ಏನೂ ತಿನ್ನಬ್ಯಾಡ."

"ಸೂಜಿ?"

"ಸೂಜಿ ಇಲ್ಲ."

ಹುಡುಗಿ ಬೆಂಚಿನಿಂದ ಧುಮುಕಿ ಹೊರಗೋಡಿದಳು. "ಸೂಜೀನೇ ಇಲ್ಲ! ಮಷೀನೂ ಇಲ್ಲ!" ಅಂಗಳದ ತುಂಬ ಅದೇ ಕೂಗು. ಬೇವಿನ ಮರದ ಮೇಲಿದ್ದವನು ಇಳಿದು ಬಂದ. ಸೀರೆ ಕೊಡವಿಕೊಂಡು ಹೊರಟಿದ್ದ ತಾಯಿ ತನ್ನ ಮಗನನ್ನು ರಟ್ಟೆ ಹಿಡಿದು ಸಾಲಿನ ಮುಂದಕ್ಕೆ ತಂದಳು. ಆ ದಿನ ನಾನು ಊಟಕ್ಕೆ ಏಳಲಿಲ್ಲ. ಹಸಿವೂ ಆಗಲಿಲ್ಲ. ಹೊರಗೆ ಸಿಸ್ಟರ್ ಮಕ್ಕಳ ಹಲ್ಲಿಗೆ ಕೆಂಪು ಬಣ್ಣದ ಹನಿ ಹಚ್ಚಿ ಕನ್ನಡಿ ಕೊಡುತ್ತಿದ್ದರು. ಕೊಳೆ ಕೂತಲ್ಲಿ ಮಾತ್ರ ಬಣ್ಣ ಹಿಡಿಯುತ್ತದೆ. ಹಲಬರ್ಗಾದಲ್ಲಿ ಪ್ಲಾಸ್ಟರಿನ ಹಲ್ಲುಗಳನ್ನು ತೋರಿಸಿ ನಾನು ಮಾಡಿದ್ದ ಭಾಷಣಕ್ಕೆ ಮಕ್ಕಳು ಆಕಳಿಸಿದ್ದರು. ಇಲ್ಲಿ ತಮ್ಮದೇ ಬಾಯಿಯ ಕೆಂಪು ನೋಡಿ ಕಿರುಚಿ, ಒಬ್ಬರ ಬಾಯಿ ಒಬ್ಬರು ನೋಡಿ ನಕ್ಕು, ಕೆಂಪು ಹೋಗುವ ತನಕ ಉಜ್ಜಿದರು. "ಮನ್ಯಾಗ ಮಶೇರಿ ಹಚ್ತೇವ್ರಿ" ಎಂದು ಒಬ್ಬಳು ಹೇಳಿದಾಗ ಸಿಸ್ಟರ್ ಮಶೇರಿ ಅಂದರೆ ಸುಟ್ಟ ತಂಬಾಕೇ ಎಂದು ತಿಳಿಸಿದರು. ಹಿಂದೆ ಕೂತಿದ್ದ ಅವಳ ತಾಯಿ ಹುಡುಗಿಗಿಂತ ಹೆಚ್ಚು ಗಮನವಿಟ್ಟು ಕೇಳಿದಳು.

ವಾಪಸ್ ಬರುವಾಗ ನಿರ್ಧರಿಸಿಬಿಟ್ಟೆ. ವ್ಯಾನು ಬೀದರಿನಲ್ಲೇ ಇರಲಿ. ನಮಗೆ ಒಂದು ಜೀಪು, ಎರಡು ಪೆಟ್ಟಿಗೆ, ಒಂದು ಕುಕ್ಕರ್ ಸಾಕು. ಕುಕ್ಕರ್ ಹತ್ಯಾರಗಳನ್ನು ಹಬೆಯಲ್ಲಿ ಶುದ್ಧ ಮಾಡಲಿಕ್ಕೆ. ದವಾಖಾನೆಯ ಹಿರಿಯರು ಹುಬ್ಬೇರಿಸಿದರು. "ವ್ಯಾನ್ ಇದ್ದರೂ ಬೆಂಚಿನ ಮೇಲೆ ಮಾಡ್ತೀಯಾ?" ಹೌದು ಅಂದೆ. ಭಾಲ್ಕಿ ಕಡೆಯ ಶಾಲೆಗಳನ್ನು ಒಂದೊಂದಾಗಿ ಮುಗಿಸಿದೆವು. ಹಲಬರ್ಗಾಕ್ಕೂ ಮತ್ತೆ ಹೋದೆವು, ಈ ಸಲ ಚೀಟಿ ಇಲ್ಲದೆ.

ಮಾರ್ಚ್ ತಿಂಗಳಲ್ಲಿ ಔರಾದ್ ತಾಲೂಕಿನ ಸಂತಪುರಕ್ಕೆ ಬಂದೆವು. ದೊಡ್ಡ ಊರು, ದೊಡ್ಡ ಶಾಲೆ. ಹೆಡ್ ಮಾಸ್ತರರು "ಶರಣ್ರಿ ಮೇಡಂ, ಎರಡಲ್ಲ, ನಾಲ್ಕು ಬೆಂಚ್ ತಗೋರಿ" ಎಂದು ಸ್ವಾಗತಿಸಿದರು. ಮುಂಜಾನೆ ಕೆಲಸ ಚೆನ್ನಾಗಿಯೇ ನಡೆದಿತ್ತು. ಹನ್ನೊಂದರ ಸುಮಾರಿಗೆ ಒಬ್ಬ ಅಜ್ಜಿ ತನ್ನ ಮೊಮ್ಮಗಳನ್ನು ಕೈಹಿಡಿದು ಕರೆತಂದಳು.

"ಜೈಭೀಮ್ರಿ ಡಾಕ್ಟರಬಾಯಿ. ಈ ಪೋರಿದು ಹಲ್ಲ ಕಿತ್ತ್ ಕೊಡ್ರಿ. ನಾಕ್ ದಿನ ಆತು, ಸಾಲಿಗಿ ಬಂದಿಲ್ಲ."

ಹುಡುಗಿ ಆರನೇ ಇಯತ್ತೆಯವಳು. ಓಢಣಿಯಿಂದ ಅರ್ಧ ಮುಖ ಮುಚ್ಚಿಕೊಂಡಿದ್ದಳು. ಸರಿಸಿ ನೋಡಿದೆ. ಬಲಗೆನ್ನೆ ಮಾತ್ರವಲ್ಲ, ದವಡೆಯ ಕೆಳಗೆ, ಗದ್ದದ ತನಕ ಬಾವು. ಒತ್ತಿದರೆ ಹಲಗೆಯಷ್ಟು ಗಟ್ಟಿ. ಮೈ ಸುಡುತ್ತಿತ್ತು. ಬಾಯಿ ತೆರೆ ಅಂದರೆ ಒಂದು ಬೆರಳಿನ ತುದಿಯೂ ಹೋಗದಷ್ಟು ಮಾತ್ರ ತೆರೆದಳು. ಎಂಜಲು ನುಂಗಲಾಗದೆ ಓಢಣಿಯ ತುದಿಗೆ ಒರೆಸಿಕೊಳ್ಳುತ್ತಿದ್ದಳು. "ಹೆಸರೇನವ್ವಾ?" ಎಂದು ಕೇಳಿದೆ. ಅವಳ ಉತ್ತರ ಬಿಸಿ ತುತ್ತು ಬಾಯಲ್ಲಿಟ್ಟುಕೊಂಡು ಮಾತಾಡಿದ ಹಾಗೆ ಕೇಳಿಸಿತು. ಹಲ್ಲಿನ ಕೀವು ನಾಲಿಗೆಯ ಕೆಳಗೆ ಹರಡಿ ನಾಲಿಗೆಯನ್ನು ಮೇಲಕ್ಕೆ ದೂಡುತ್ತಿತ್ತು. ಇನ್ನೂ ಮುಂದುವರಿದರೆ ಉಸಿರಿನ ದಾರಿಯೇ ಮುಚ್ಚುತ್ತದೆ.

"ಅಜ್ಜಿ, ಇಲ್ಲಿ ಕೀಳ್ಲಿಕ್ಕಿ ಬರೂದಿಲ್ಲ. ಈಗಿಂದೀಗ ಬೀದರ್‌ಗೆ ಹೋಗಬೇಕು."

"ಒಂದ್ ಹಲ್ಲ ಕೀಳ್ಲಿಕ್ಕಿ ಬೀದರ್ ತನಕಾ? ಅದರಪ್ಪಗ ಕೇಳಬೇಕ್ರಿ."

ಹೆಡ್ ಮಾಸ್ತರರು ಹುಡುಗಿಯ ತಂದೆಗೆ ಫೋನ್ ಹಚ್ಚಿದರು. ಆತ ಔರಾದಿನಲ್ಲಿ ಕೆಲಸದಲ್ಲಿದ್ದ. ಸಂಜೆ ಬರ್ತೇನಿ, ನಾಳೆ ಮುಂಜಾನೆ ನಾನೇ ಕರಕೊಂಡು ಹೋಗ್ತೇನಿ ಅನ್ನುತ್ತಿದ್ದ. ಫೋನ್ ನಾನು ಇಸಿದುಕೊಂಡೆ.

"ನೋಡ್ರಿ, ನಾಳಿ ತನಕ ಕಾಯೂದು ಇದಲ್ಲ. ಬಾವು ಗಂಟಲಕ್ಕ ಇಳೀಲತ್ತದ. ನೀವು ಹೂಂ ಅನ್ರಿ, ನಮ್ಮ ಜೀಪ್ ಈಗ ಹೊರಡ್ತದ. ನೀವು ಔರಾದದಿಂದ ಸೀದಾ ಬೀದರ್‌ಗೆ ಬರ್ರಿ."

ಆತ ಕೂಡಲೇ ಒಪ್ಪಿದ. "ಒಯ್ರಿ ಮೇಡಂ. ನಾ ಹಿಂದ ಬರ್ಲತ್ತೀನಿ."

ಕಾದಿದ್ದ ಮಕ್ಕಳನ್ನು ಸಿಸ್ಟರ್‌ಗೆ ಒಪ್ಪಿಸಿ ಜೀಪು ಹತ್ತಿದೆ. ಅಜ್ಜಿ ಮೊಮ್ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಲು ನೋಡಿದಳು. "ಮಲಗಿಸಬ್ಯಾಡ್ರಿ!" ಎಂದು ಕೂಗಿಬಿಟ್ಟೆ. ಮಲಗಿದರೆ ನಾಲಿಗೆ ಹಿಂದಕ್ಕೆ ಬೀಳುತ್ತದೆ. ಹುಡುಗಿಯನ್ನು ನೆಟ್ಟಗೆ, ಸ್ವಲ್ಪ ಮುಂದಕ್ಕೆ ಬಾಗಿಸಿ ಕೂರಿಸಿ, ನನ್ನ ತೋಳು ಅವಳ ಬೆನ್ನ ಹಿಂದೆ ಕೊಟ್ಟೆ. ಚಾಚಾ ಹಾರ್ನಿನಿಂದ ಕೈ ತೆಗೆಯಲಿಲ್ಲ. ಗುಂಡಿ ಬಂದಲ್ಲೆಲ್ಲ ಮಾತ್ರ ಜೀಪನ್ನು ಮೆಲ್ಲಗೆ ಇಳಿಸುತ್ತಿದ್ದರು. ನಾನು ಹುಡುಗಿಯ ಉಸಿರಿನ ಸದ್ದಿಗೇ ಕಿವಿಗೊಟ್ಟು, ಫೋನಿನಲ್ಲಿ ಬೀದರಿನ ಶಸ್ತ್ರವೈದ್ಯರಿಗೆ ಅವಳ ಸ್ಥಿತಿ ಹೇಳುತ್ತಿದ್ದೆ. ನಾವು ಮುಟ್ಟುವಷ್ಟರಲ್ಲಿ ಅವರು ಸಿದ್ಧರಾಗಿ ನಿಂತಿದ್ದರು. ಉಸಿರಿನ ಕೊಳವೆ ಇಳಿಸಲು ಅರಿವಳಿಕೆ ವೈದ್ಯರಿಗೆ ಎರಡು ಸಲ ಪ್ರಯತ್ನಿಸಬೇಕಾಯಿತು. ಎರಡನೆಯ ಸಲಕ್ಕೆ ಕೊಳವೆ ಇಳಿಯಿತು ಎಂದು ಒಳಗಿನಿಂದ ಕೇಳಿದಾಗ ಹೊರಗೆ ನಿಂತಿದ್ದ ನಾನು ಅಜ್ಜಿಯನ್ನು ಅಪ್ಪಿಕೊಂಡೆ. ಆಕೆಗೆ ಏನಾಯಿತೆಂದು ಗೊತ್ತಾಗಲಿಲ್ಲ, ಆದರೂ ಗಟ್ಟಿಯಾಗಿ ಹಿಡಿದುಕೊಂಡಳು. ದವಡೆಯ ಕೆಳಗೆ ಕೊಯ್ದು ಕೀವು ಹರಿಸಿದರು. ಹಲ್ಲನ್ನೂ ತೆಗೆದರು. ಹುಡುಗಿ ಉಳಿದಳು.

ಮರುದಿನ ಉತ್ಸಾಹದಿಂದ ಸಂತಪುರಕ್ಕೆ ಹೋದರೆ ಶಾಲೆಯ ಗೇಟಿನಲ್ಲಿ ಜನ. ಯಾರೋ ಊರಲ್ಲಿ ಸುದ್ದಿ ಹಬ್ಬಿಸಿದ್ದರು: ಡಾಕ್ಟರಬಾಯಿ ಹಲ್ಲಿಗೆ ಸಿಮೆಂಟ್ ತುಂಬಿದಳು, ಹುಡುಗಿಯ ಮುಖ ಬಾತಿತು, ಕದ್ದು ಬೀದರಿಗೆ ಒಯ್ದರು. ಹಿಂದಿನ ದಿನ ಮುಂಜಾನೆ ಹಲ್ಲು ತುಂಬಿಸಿಕೊಂಡ ಮಕ್ಕಳ ತಾಯಂದಿರೆಲ್ಲ ಬಂದಿದ್ದರು.

"ನಮ್ಮ ಹುಡುಗನ ಹಲ್ಲಿಂದ ಅದನ್ನ ತೆಗೀರಿ" ಎಂದಳು ಒಬ್ಬಳು. "ನಾ ರಾತ್ರಿ ಪಿನ್ನಿಲೆ ಕೆದರಿ ನೋಡೀನಿ, ಬರ್ಲೇ ಇಲ್ಲ!"

ಬೇರೆ ಹೊತ್ತಾಗಿದ್ದರೆ ನಾನು ಕುಣಿಯುತ್ತಿದ್ದೆ. ಪಿನ್ನಿಗೂ ಜಗ್ಗದ ಸಿಮೆಂಟ್! ಆದರೆ ಆಗ ನಗುವ ಹಾಗಿರಲಿಲ್ಲ. ಚಾಚಾ ಮೆಲ್ಲಗೆ "ಹೋಗೂಣು ಮೇಡಮ್ಮಾ" ಅಂದರು. ಹೆಡ್ ಮಾಸ್ತರರೂ ಎಂಟು ದಿನ ಬಿಟ್ಟು ಬರ್ರಿ ಅಂದರು. ಹೋದರೆ ಆ ಸುದ್ದಿಯೇ ನಿಜವಾಗಿ ಉಳಿಯುತ್ತದೆ ಅನ್ನಿಸಿತು. ನಾನು ಹೋಗಲಿಲ್ಲ. ಬೆಂಚುಗಳನ್ನು ಅಂಗಳಕ್ಕೆ ತರಿಸಿ, ಹತ್ಯಾರಗಳನ್ನೆಲ್ಲ ಬಿಳಿ ಬಟ್ಟೆಯ ಮೇಲೆ ಹರಡಿ ಕೂತೆ. "ಇವತ್ತು ಯಾರ ಹಲ್ಲೂ ಮುಟ್ಟೂದಿಲ್ಲ. ಏನ್ ಬೇಕಾದ್ರೂ ಕೇಳ್ರಿ" ಅಂದೆ. ಕೇಳಿದರು. ಸಿಮೆಂಟ್ ಅಂದರೆ ಮನೆ ಕಟ್ಟುವುದೇ? ಹುಳುಕು ಇದ್ದರೆ ಹಾಲುಹಲ್ಲು ತುಂಬಬೇಕೇ, ಹೇಗೂ ಬೀಳುತ್ತದಲ್ಲ? ಸಿಸ್ಟರ್ ಸಿಮೆಂಟ್ ಕಲಸಿ ಅವರ ಅಂಗೈ ಮೇಲೇ ಇಟ್ಟರು. ಮಧ್ಯಾಹ್ನದ ತನಕ ಮಾತಾಡಿದೆವು. ಒಂದು ಮಗುವನ್ನೂ ಯಾರೂ ಕಳಿಸಲಿಲ್ಲ.

ಅದರ ಮರುದಿನವೂ ಹಾಗೆಯೇ ಕೂತಿದ್ದೆವು. ಬೀದರ್ ಬಸ್ಸು ಬಂದು ಹೋದ ಸ್ವಲ್ಪ ಹೊತ್ತಿಗೆ ಅಜ್ಜಿ ಗೇಟಿನಲ್ಲಿ ಕಾಣಿಸಿದಳು. ಬಟ್ಟೆ ಒಯ್ಯಲು ಊರಿಗೆ ಬಂದವಳು, ಬಸ್ ಸ್ಟ್ಯಾಂಡಿನಲ್ಲೇ ಸುದ್ದಿ ಕೇಳಿ, ಮನೆಗೂ ಹೋಗದೆ ಸೀದಾ ಬಂದಿದ್ದಳು.

"ಯಾರ್ ಹೇಳ್ಯಾರ ಇವ್ರು ಮಾಡ್ಯಾರಂತ?" ಇಡೀ ಅಂಗಳ ತಿರುಗಿ ನೋಡಿತು. "ನಮ್ಮ ಪೋರಿ ಹಲ್ಲಿಗಿ ಇವ್ರು ಏನೂ ತುಂಬಿಲ್ಲ. ಆ ಹಲ್ಲ ಎರಡ್ ವರ್ಷದಿಂದ ಬ್ಯಾನಿ ಇತ್ತು. ಲವಂಗ ಇಟ್ಟಾಕಿ ನಾನು. ಮಶೇರಿ ಹಚ್ಚು, ಕಡಿಮಿ ಆಗ್ತದ ಅಂದಾಕಿ ನಾನು. ತಪ್ಪು ಯಾರದಾರ ಇದ್ರ ನಂದು. ಇವ್ರು ಕೂಡಿಸ್ಕೊಂಡು ಒಯ್ದಿಲ್ಲಂದ್ರ ಇವತ್ತು ನಾ ಅಳಕೋತ ಕೂಡ್ತಿದ್ದೆ."

ಅಷ್ಟು ಜನರ ಮುಂದೆ ತಪ್ಪು ತನ್ನದೆಂದು ಹೇಳಲು ಎಷ್ಟು ಗಟ್ಟಿ ಮನಸ್ಸು ಬೇಕೆಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅಜ್ಜಿ ಚೀಲ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಬೆಂಚಿನ ಮೇಲೆ ಮಲಗಿಯೇಬಿಟ್ಟಳು.

"ಮೊದಲ ನಂದ್ ನೋಡ್ರಿ. ಇದ್ದ್ರ ನಾಕೈದು ಹಲ್ಲ ಇರಬೇಕು."

ನೋಡಿದೆ. ಅವುಗಳಲ್ಲಿ ಒಂದನ್ನು ತುಂಬಬಹುದಿತ್ತು. ಎಲ್ಲರೂ ಸುತ್ತ ನಿಂತು, ಒಬ್ಬರ ಭುಜದ ಮೇಲಿಂದ ಒಬ್ಬರು ಬಗ್ಗಿ, ನಾನು ಕೆರೆಯುವುದನ್ನು, ಸಿಸ್ಟರ್ ಕಲಸುವುದನ್ನು, ನಾನು ಬೆರಳಿಂದ ಒತ್ತುವುದನ್ನು ನೋಡಿದರು. ಅಜ್ಜಿ ಎದ್ದು ಕೂತು ಕಚ್ಚಿ ನೋಡಿಕೊಂಡು "ಹಾಂ" ಅಂದಳು. ಪಿನ್ನಿನ ತಾಯಿ ತನ್ನ ಎರಡನೆಯ ಮಗನನ್ನು ಮುಂದೆ ತಳ್ಳಿದಳು. ಆಮೇಲೆ ನಾಲ್ಕು ಬೆಂಚೂ ಸಾಲಲಿಲ್ಲ.

ಹುಡುಗಿ ದವಾಖಾನೆಯಿಂದ ಮನೆಗೆ ಬಂದಾಗ ಬಾವು ಇಳಿದಿತ್ತು, ದವಡೆ ಮಾತ್ರ ಬಿಗಿದೇ ಇತ್ತು. ಒಂದು ಬೆರಳಷ್ಟೇ ಬಾಯಿ ತೆರೆಯುತ್ತಿತ್ತು. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಳ್ಳಬೇಕು, ಎರಡು ದಿನಕ್ಕೊಂದು ಕಡ್ಡಿ ಹೆಚ್ಚಿಸಬೇಕು ಎಂದು ಹೇಳಿಕೊಟ್ಟೆ. ನೋವಾಗುತ್ತದೆ, ಬಿಡಬಾರದು. ತನ್ನ ಮೂರು ಬೆರಳು ಒಂದರ ಮೇಲೊಂದಾಗಿ ಬಾಯಿಯೊಳಗೆ ಹೋದ ದಿನ ಬಾಯಿ ಪೂರ್ತಿ ತೆರೆದಂತೆ.

ವಾರ್ಷಿಕ ಪರೀಕ್ಷೆಗೆ ಕೆಲವೇ ದಿನ ಇರುವಾಗ ತುಂಬಿದ ಹಲ್ಲುಗಳನ್ನು ನೋಡಲು ಸಿಸ್ಟರ್ ಜೊತೆ ಸಂತಪುರಕ್ಕೆ ಹೋದೆ. ಜೀಪು ಇಳಿಯುವ ಮುಂಚೆಯೇ ಹುಡುಗಿ ಓಡಿ ಬಂದಳು. ಗದ್ದದ ಕೆಳಗೆ ಸಣ್ಣ ಕಲೆ, ಅಷ್ಟೆ. ನನ್ನ ಮುಂದೆ ನಿಂತು ಮೂರು ಬೆರಳು ಜೋಡಿಸಿ, ನೆಟ್ಟಗೆ ಹಿಡಿದು, ಬಾಯಿಯೊಳಗೆ ಇಟ್ಟುಕೊಂಡಳು. ಕಣ್ಣುಗಳು ಪೂರ್ತಿ ನಗುತ್ತಿದ್ದವು. ಅವಳ ಹಿಂದೆ ಬಂದ ಗೆಳತಿಯರು ತಮಗೂ ಹೋಗುತ್ತದೋ ಇಲ್ಲವೋ ನೋಡಲು ಮೂರು ಬೆರಳು ಬಾಯಿಗಿಟ್ಟರು. ವರಾಂಡದಲ್ಲಿದ್ದ ಹುಡುಗರೂ ಇಟ್ಟರು. ಹೆಡ್ ಮಾಸ್ತರರು ಹೊರಗೆ ಬಂದು ನೋಡಿದರೆ ಇಡೀ ಆರನೇ ಇಯತ್ತೆ ಬಾಯಿಯಲ್ಲಿ ಬೆರಳಿಟ್ಟುಕೊಂಡು ನಿಂತಿದೆ.

"ಇದೇನ್ರಿ ಮೇಡಂ, ಹೊಸಾ ಕವಾಯತು?"

ನಾನು ಹೊಟ್ಟೆ ಹಿಡಿದು ನಕ್ಕೆ. ಹುಡುಗಿಯನ್ನು ಬೆಂಚಿನ ಮೇಲೆ ಮಲಗಿಸಿ ಟಾರ್ಚ್ ಹಚ್ಚಿದೆ. ಬಲಗಡೆ ಹಲ್ಲು ಹೋದ ಜಾಗ ಗುಲಾಬಿಯಾಗಿ ಮಾಗಿತ್ತು. ಎಡಗಡೆ ಅದಕ್ಕೆ ಜೋಡಿಯಾದ ಹಲ್ಲಿನ ಮೇಲೆ ಒಂದು ಸಾಸಿವೆಯಷ್ಟು ಕಪ್ಪು ಚುಕ್ಕೆ, ಈಗಷ್ಟೇ ಶುರುವಾದದ್ದು. ಇಷ್ಟು ದಿನ ಬಾಯಿ ತೆರೆಯದೆ ಅಲ್ಲಿಗೆ ನನ್ನ ಕನ್ನಡಿ ಹೋಗುತ್ತಿರಲಿಲ್ಲ.

"ಸಿಸ್ಟರ್, ಕಲಸ್ರಿ" ಅಂದೆ.